ಕಲಾಯಿ ಕಿತ್ತ ಸೊಸೆ

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಸಮತಾಳದೂ ಅದೇ ಕತೆ. ಹರಪನಹಳ್ಳಿಯಿಂದ ಕೂಡ್ಲಿಗಿಗೆ ಸೊಸೆಯಾಗಿ ಬಂದು ನಾಲ್ಕೇ ತಿಂಗಳು. ಅತ್ತೆ ಲಕ್ಷ್ಮಿದೇವಿ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುವವಳು. ಅವಳ ಕೈಯ ಸಾರಿಗಾಗಿಯೇ ಕರೆಯದವರ ಮನೆಯ ಊಟಕ್ಕೂ ಹೋಗಿ ಕೂರುವ ಜನ ಆ ಸೀಮೆಯಲ್ಲಿದ್ದರು. ಆ ಸಾರು ಕುದಿಯುತ್ತಿದ್ದುದು ಹತ್ತು ಬಿಂದಿಗೆ ನೀರು ಹಿಡಿಯುವ ತಾಮ್ರದ ಕೊಪ್ಪರಿಗೆಯಲ್ಲಿ. ಲಕ್ಷ್ಮಿದೇವಿಗೆ ಅವಳ ಅವ್ವ ಕೊಟ್ಟದ್ದು. ಬೇರೆ ಯಾರೂ ಅದಕ್ಕೆ ಸೌಟು ಹಾಕುವಂತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಅತ್ತೆಯೂ ಗಂಡ ಮಾರೇಶನೂ ಗೂಡ್ಸ್ ಆಟೋ ಹತ್ತಿ ಸಾಮಾನು ತರಲು ಹೊಸಪೇಟೆಗೆ ಹೋದರು. ಮರುದಿನ ಹಗರಿಬೊಮ್ಮನಹಳ್ಳಿಯಲ್ಲಿ ಮೇಷ್ಟರೊಬ್ಬರ ಗೃಹಪ್ರವೇಶ, ನಾನೂರು ಜನರ ಊಟ. ಸಮತಾ ಸೆರಗು ಸಿಕ್ಕಿಸಿದಳು. ಅತ್ತೆ ಬರುವಷ್ಟರಲ್ಲಿ ಕೊಪ್ಪರಿಗೆ ಫಳಫಳ ಅನ್ನಬೇಕು, ಆ ಬಾಯಿಂದ ಒಂದು ಒಳ್ಳೆಯ ಮಾತು ಬೀಳಬೇಕು. ನಾಲ್ಕು ತಿಂಗಳಿಂದ ಬಿದ್ದದ್ದು ಬರೀ 'ಹೂಂ'.

ಹೊರಮೈಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದಳು. ಅದೇನೋ ಬೇಗ ಬೆಳಗಿತು. ಒಳಗೆ ನೋಡಿದರೆ ಬೂದು ಬಣ್ಣದ ಮಂಕು. ಎಷ್ಟು ವರ್ಷದ ಹೊಲಸೋ ಏನೋ, ದೊಡ್ಡವರಿಗೆ ಬಗ್ಗಿ ಉಜ್ಜಲು ಆಗಿರಲಿಕ್ಕಿಲ್ಲ ಎಂದುಕೊಂಡಳು. ಮರಳು ಹಾಕಿ ಉಜ್ಜಿದಳು, ಹೋಗಲಿಲ್ಲ. ಮಾರೇಶನ ಸಾಮಾನಿನ ಡಬ್ಬಿಯಿಂದ ಉಪ್ಪುಕಾಗದ ತಂದು, ಕೊಪ್ಪರಿಗೆಯೊಳಗೆ ಅರ್ಧ ಇಳಿದು, ಹಠ ಹಿಡಿದು ಉಜ್ಜಿದಳು. ಹತ್ತೂವರೆಗೆ ಒಳಗೂ ಹೊರಗೂ ಒಂದೇ ಕೆಂಪು. ಅವಳ ಖುಷಿಗೆ ಮಿತಿಯಿರಲಿಲ್ಲ.

ಪಕ್ಕದ ಮನೆಯ ಪಾಲಮ್ಮ ಮಜ್ಜಿಗೆ ಕೇಳಲು ಬಂದವಳು ಇಣುಕಿದಳು, ಬಾಯಿಯ ಎಲೆಅಡಿಕೆ ಅಲ್ಲೇ ನಿಂತಿತು.

"ಇದೇನವ್ವಾ, ಒಳಗೂ ಕೆಂಪಗ ಐತಿ?"

"ಎಷ್ಟು ಹೊಲಸಿತ್ತು ಅಂತೀರಿ ಚಿಕ್ಕಮ್ಮ. ಎಲ್ಲಾ ತೆಗೆದೆ."

"ಹೊಲಸಲ್ಲವ್ವಾ ಅದು, ಕಲಾಯಿ. ಬರೀ ತಾಮ್ರಕ್ಕ ಹುಣಸಿ ಹುಳಿ ಬಿದ್ರ ಕಿಲುಬು ಏಳತೈತಿ. ಅದಕ್ಕ ಒಳಗ ತವರ ಕರಗಿಸಿ ಬಳದಿರ್ತಾರ. ನೀ ಅದನ್ನ ಕಿತ್ತು ಒಗದಿ. ನಾಳಿ ಇದರಾಗ ಸಾರು ಮಾಡಿದ್ರ ನಾನೂರು ಮಂದಿ ವಾಂತಿ ಮಾಡ್ಕೋಂತ ಮನಿಗೆ ಹೋಗ್ತಾರ."

ತವರುಮನೆಯಲ್ಲಿ ಸಮತಾ ಕಂಡದ್ದೆಲ್ಲ ಸ್ಟೀಲು, ಅಲ್ಯೂಮಿನಿಯಂ. ಕಲಾಯಿ ಅನ್ನುವ ಮಾತನ್ನೇ ಇವತ್ತು ಕೇಳಿದ್ದು. ಇನ್ನು ಅತ್ತೆಯ ಮುಖ ನೋಡುವುದು ಹೇಗೆ? ಒಳ್ಳೆಯ ಮಾತು ಹಾಳಾಗಲಿ, ಆ 'ಹೂಂ' ಕೂಡ ಹೋಯಿತು.

"ಕಲಾಯಿ ಹಾಕೋರು ಯಾರಿದ್ದಾರೆ ಚಿಕ್ಕಮ್ಮ?"

"ಇಡೀ ಊರಿಗೆ ರಹಿಮಾನ್ ಸಾಬ್ರು ಒಬ್ರ. ಅವ್ರೂ ಬಿಟ್ಟಾರಂತ."

ಬಿಟ್ಟಿದ್ದರೆ ಹಿಡಿಸಿದರಾಯಿತು ಎಂದುಕೊಂಡ ಸಮತಾ ಅಲ್ಲಿ ನಿಲ್ಲಲಿಲ್ಲ. ನೀರಿನ ತಳ್ಳುಗಾಡಿಯ ಮೇಲೆ ಕೊಪ್ಪರಿಗೆ ಏರಿಸಿ, ಪಾಲಮ್ಮ ಒಂದು ಕಡೆ ಹಿಡಿಯಲು, ಬಸ್ ಸ್ಟ್ಯಾಂಡ್ ಹಿಂದಿನ ಓಣಿಗೆ ಗಡಗಡ ತಳ್ಳಿದಳು. ಬಿಸಿಲಿಗೆ ಕೊಪ್ಪರಿಗೆ ಹೊಳೆದ ಪರಿಗೆ ಚಹಾದಂಗಡಿಯ ಮಂದಿಯೆಲ್ಲ ತಿರುಗಿ ನೋಡಿದರು. ನೋಡಿಕೊಳ್ಳಲಿ ಬಿಡು ಎಂದು ಅವಳು ಇನ್ನೂ ಜೋರಾಗಿ ತಳ್ಳಿದಳು.

ರಹಿಮಾನ್ ಸಾಬರು ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ಕಣ್ಣಿನ ಪೊರೆ ತೆಗೆಸಿ ಎಂಟು ದಿನವಾಗಿತ್ತು. ಹೊಗೆಯ ಹತ್ತಿರ ಸುಳಿದರೆ ಮತ್ತೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಗದರಿಸಿ ಕಳಿಸಿದ್ದರು.

"ಆಗಂಗಿಲ್ಲ ಬೇಟಿ. ಬಂದೋರಿಗೆಲ್ಲ ಇಲ್ಲ ಅಂತಾನ ಹೇಳೀನಿ," ಎಂದರು. ಆದರೂ ಕೈ ಸುಮ್ಮನಿರಬೇಕಲ್ಲ? ಕೊಪ್ಪರಿಗೆಯ ಒಳಗೆ ಹೋಯಿತು. "ಇದನ್ನ ಉಜ್ಜಿದೋರು ಯಾರು?"

"ನಾನೇ ಚಾಚಾ. ಗೊತ್ತಾಗಲಿಲ್ಲ."

"ಹಳೇ ಕಲಾಯಿ ತಗಿಯಾಕ ನನಗ ಅರ್ಧ ದಿನ ಹಿಡೀತಿತ್ತು. ಎಲ್ಲೂ ಒಂದು ಚುಕ್ಕಿ ಉಳದಿಲ್ಲ. ಅರ್ಧ ಕೆಲಸ ನೀನ ಮುಗಿಸೀದಿಯಲ್ಲ."

ಬಾಗಿಲ ಹಿಂದಿನಿಂದ ಅವರ ಹೆಂಡತಿ ಅಕ್ತರಬಿ ಹೊರಗೆ ಬಂದಳು. ಅವಳು ಗಂಡನನ್ನೂ ನೋಡಲಿಲ್ಲ, ಸಮತಾಳನ್ನೂ ನೋಡಲಿಲ್ಲ, ಕೊಪ್ಪರಿಗೆಯನ್ನು ನೋಡಿದಳು.

"ಇನ್ನರ್ಧ ನಾವು ಮಾಡ್ತೀವಿ. ಮೂವತ್ತು ವರ್ಷ ತಿದಿ ಊದಿದಾಕಿ ನಾನು. ಕಾವು ಸಾಕಷ್ಟು ಏರಿತು ಅಂತ ನಾನ ಕೆಮ್ಮಿ ಸನ್ನಿ ಮಾಡತಿದ್ದೆ, ಆಗ ಇವರು ತವರ ಹಚ್ಚತಿದ್ರು. ಕಾವು ತಮಗ ಗೊತ್ತಾತು ಅನ್ಕೊಂಡಾರ."

"ಆಹಾ, ಇದೊಂದು ಹೊಸಾ ಸುದ್ದಿ," ಎಂದರು ಸಾಬರು.

"ಬೆಂಕಿ ನಂದು," ಎಂದಳು ಅಕ್ತರಬಿ ಸಮತಾಳಿಗೆ. "ಬೆಂಕಿ ಬಿಟ್ಟು ನಾ ಏಳಂಗಿಲ್ಲ. ಹತ್ತಿ ಅರಳಿ ಹಿಡದು ತವರ ಎಳಿಯಾಕಿ ನೀನು."

ಸಮತಾ ಸೆರಗನ್ನು ಮತ್ತೆ ಬಿಗಿಯಾಗಿ ಸಿಕ್ಕಿಸಿದಳು. ಹೆದರಿಕೆಯೋ ಉಮೇದೋ ಅವಳಿಗೇ ತಿಳಿಯಲಿಲ್ಲ.

ಹಿತ್ತಲಲ್ಲಿ ಕುಣಿ ಕೆದರಿ ಇದ್ದಿಲು ತುಂಬಿದರು. ಅಕ್ತರಬಿ ಹಳೆಯ ಪೆಟ್ಟಿಗೆಯಿಂದ, ತವರ ಹಿಡಿಯಲೆಂದು ಎರಚುವ ನವಸಾಗರದ ಪುಡಿಯನ್ನೂ ತವರದ ಕಡ್ಡಿಯನ್ನೂ ತಂದಳು. ಕಡ್ಡಿ ಒಂದೇ, ಗೇಣುದ್ದದ್ದು. ಕೂಡ್ಲಿಗಿಯಲ್ಲಿ ಇನ್ನೊಂದು ಸಿಗುವುದಿಲ್ಲ. ಕೆಟ್ಟರೆ ಕೆಟ್ಟಂತೆಯೇ. ಪಾಲಮ್ಮ ಗೋಣಿಚೀಲ ಸುತ್ತಿ ಕೊಪ್ಪರಿಗೆಯ ಕಿವಿ ಹಿಡಿದಳು, ತಿದಿ ಬುಸುಗುಟ್ಟಿತು, ಇದ್ದಿಲು ಕೆಂಡವಾಯಿತು. ತಾಮ್ರ ಕಾಯುತ್ತ ಕಾಯುತ್ತ ನೇರಳೆ ಬಣ್ಣಕ್ಕೆ ತಿರುಗಿತು.

ಅಕ್ತರಬಿ ಕೆಮ್ಮಿದಳು. ಸಮತಾ ನವಸಾಗರ ಎರಚಿದಳು, ಬಿಳಿ ಹೊಗೆ ಭಗ್ಗೆಂದು ಮುಖಕ್ಕೆ ಬಂತು. ಕಡ್ಡಿ ಮುಟ್ಟಿಸಿದಳು. ತವರ ಕರಗಿತು ನಿಜ, ಆದರೆ ಹರಡಲಿಲ್ಲ. ಮಣಿಮಣಿಯಾಗಿ ಉರುಳಿ ತಳಕ್ಕೆ ಹೋಯಿತು. ಅರಳೆಯಿಂದ ಒತ್ತಿದರೂ ಅಷ್ಟೇ. ಇದ್ದ ಕಡ್ಡಿಯಲ್ಲಿ ಬೆರಳುದ್ದ ಒಂದೇ ಏಟಿಗೆ ಹಾಳಾಯಿತು. ಅವಳ ಕಣ್ಣಲ್ಲಿ ನೀರು ತುಂಬಿದ್ದು ಹೊಗೆಯಿಂದ ಮಾತ್ರ ಅಲ್ಲ.

ಪಡಸಾಲೆಯಿಂದ ಸಾಬರ ಸ್ವರ ಬಂತು. "ಸದ್ದು ಬರಲಿಲ್ಲ. ಗುಳಿಗಿ ಆತೇನು?"

"ಆಯ್ತು ಚಾಚಾ."

"ಬರೀ ಕೈಲೆ ಮುಟ್ಟೀದಿ ಅಲ್ಲಿ. ಬೆರಳಿನ ಜಿಡ್ಡು ಕುಂತ್ರ ತವರ ಹಿಡಿಯಂಗಿಲ್ಲ, ಹಂಗ ಬಿಟ್ರ ತಾಮ್ರ ಕಪ್ಪೂ ಆಗತೈತಿ. ಇನ್ನೊಂದು ಸರ್ತಿ ಉಜ್ಜು, ಒಣಾ ಅರಿವೀಲೆ ಒರಸು. ಆಮ್ಯಾಗ ಕೈ ಹಚ್ಚಬ್ಯಾಡ. ಮೊದಲು ನವಸಾಗರ, ಹೊಗಿ ಹಾರೂ ಮೊದಲ ತವರ, ತವರ ನೀರಾದ ಕೂಡಲೆ ಅರಳಿ. ಹೆದರ್ಕೋಂತ ಒರಸಬ್ಯಾಡ. ಮನಿ ಸಾರಸಿದಂಗ ಒಂದ ಎಳತಕ್ಕ ಎಳಿ."

ಕೊಪ್ಪರಿಗೆ ಆರಿದ ಮೇಲೆ ಉಜ್ಜಿದಳು, ಒರೆಸಿದಳು, ಕೈಗೆ ಬಟ್ಟೆ ಸುತ್ತಿಕೊಂಡಳು. ಅಕ್ತರಬಿ ಮತ್ತೆ ತಿದಿ ಊದಿ ಕಾಯಿಸಿ, ಕೆಮ್ಮಿದಳು. ನವಸಾಗರ, ತವರ, ಅರಳೆ. ಈ ಸಲ ಸಮತಾ ಉಸಿರು ಬಿಗಿಹಿಡಿದು ತೋಳು ಪೂರ್ತಿ ಚಾಚಿ ಎಳೆದಳು. ಚರ್ರೆಂದು ಸದ್ದು ಬಂತು. ಅರಳೆ ಹೋದಲ್ಲೆಲ್ಲ ಕೆಂಪು ಮಾಯವಾಗಿ ಬೆಳ್ಳಗೆ ಬೆಳಗಿತು, ಅದರಲ್ಲಿ ಅವಳದೇ ಮಸಿ ಬಳಿದ ಮೂಗು ಕಂಡಿತು. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು.

"ಈಗ ಬಂತು ನೋಡು ಸದ್ದು," ಎಂದರು ಸಾಬರು.

ಆಮೇಲೆ ಯಾರಿಗೂ ಹಸಿವಿಲ್ಲ, ನೀರಡಿಕೆಯಿಲ್ಲ. ಅಕ್ತರಬಿ ಊದುವುದು, ಕೆಮ್ಮುವುದು, ಸಮತಾ ಎಳೆಯುವುದು, ಪಾಲಮ್ಮ ಬಯ್ಯುತ್ತ ಬಯ್ಯುತ್ತ ಕೊಪ್ಪರಿಗೆಯನ್ನು ತಿರುಗಿಸುವುದು. ಬರೀ ಮಜ್ಜಿಗೆ ಕೇಳಲು ಬಂದವಳ ಪಾಡು ನೋಡಿ. ಗೇಣುಗೇಣಾಗಿ ಬಿಳುಪು ಹಬ್ಬಿತು. ಕಡೆಗೆ ತಳ ಉಳಿಯಿತು, ತವರ ಕಡಲೆಕಾಳಿನಷ್ಟು ಉಳಿಯಿತು. ಸಮತಾಳ ತೋಳು ಸೋತು ಅದುರುತ್ತಿತ್ತು. ಎಳೆದಳು, ಮುಚ್ಚಿತು. ಮುಚ್ಚಿತೇನೋ ಹೌದು, ನಡುವೆ ಕೈ ನಡುಗಿದಲ್ಲಿ ಒಂದು ಸಣ್ಣ ಗಂಟು ನಿಂತುಬಿಟ್ಟಿತು. ತಣ್ಣೀರು ಹೊಯ್ದು, ತೇವ ಉಳಿಯದಂತೆ ಒಣಬಟ್ಟೆಯಲ್ಲಿ ಒರೆಸಿದರು.

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಓಣಿಯಲ್ಲಿ ಗೂಡ್ಸ್ ಆಟೋದ ಹಾರ್ನ್ ಕೇಳಿತು. ಮನೆಗೆ ಬೀಗ ಕಂಡು, ಚಹಾದಂಗಡಿಯವರನ್ನು ಕೇಳಿಕೊಂಡು ಲಕ್ಷ್ಮಿದೇವಿ ನೇರ ಇಲ್ಲಿಗೇ ಬಂದಿದ್ದಳು. ಆಟೋದ ಹಿಂದೆ ತರಕಾರಿ ಮೂಟೆಗಳ ನಡುವೆ ಹಗ್ಗ ಬಿಗಿದ ಹೊಸ ಸ್ಟೀಲ್ ಕೊಪ್ಪರಿಗೆಯೊಂದು ಕುಳಿತಿತ್ತು.

"ನಾನ ಹಾಕಿದೆ ಅಂತೀನಿ. ನೀ ಸುಮ್ಮನಿರು," ಎಂದು ಅಕ್ತರಬಿ ಮೆಲ್ಲಗೆ ಹೇಳಿದಳು.

ಲಕ್ಷ್ಮಿದೇವಿ ಆಟೋ ಇಳಿದು ಹಿತ್ತಲಿಗೆ ನಡೆದಳು. ಕೊಪ್ಪರಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ತೋಳು ಒಳಗಿಳಿಸಿ ಸುತ್ತಲೂ ಸವರಿದಳು. ತಳದ ಗಂಟಿನ ಮೇಲೆ ಬೆರಳು ನಿಂತಿತು.

"ಇದು ಯಾರ ಕೈ?"

ಅಕ್ತರಬಿ ಬಾಯಿ ತೆರೆದಳು. ಸಮತಾ ಅಷ್ಟರೊಳಗೆ ಹೇಳಿಬಿಟ್ಟಳು.

"ನಂದು ಅತ್ತೆ. ಕಲಾಯಿ ಕಿತ್ತಿದ್ದೂ ನಾನೇ, ಹಾಕಿದ್ದೂ ನಾನೇ. ಹೊಲಸು ಅನ್ಕೊಂಡು ಉಜ್ಜಿಬಿಟ್ಟೆ. ಬೆಂಕಿ ಅಕ್ತರಬಿ ಅಮ್ಮಂದು."

ಲಕ್ಷ್ಮಿದೇವಿಯ ಕೈ ಇನ್ನೂ ಒಳಗೇ ಇತ್ತು.

"ಹಳೇ ಕಲಾಯಿ ಸವದು ಕಾಗದದಂಗ ಆಗಿತ್ತು," ಎಂದಳು. "ಇನ್ನೊಂದು ಅಡಿಗಿ ತಡೀತಿರಲಿಲ್ಲ. ಸಾಬ್ರು ಆಗಂಗಿಲ್ಲ ಅಂದ್ರು. ಹೊಸಪ್ಯಾಟ್ಯಾಗ ಇವತ್ತು ಮೂರು ಓಣಿ ತಿರುಗೀನಿ, ಹಾಕೋರು ಒಬ್ರೂ ಸಿಗಲಿಲ್ಲ. ಆಮ್ಯಾಲ ಆ ಸ್ಟೀಲಿಂದು ತಗೊಂಡೆ. ನಮ್ಮವ್ವನ ಕೊಪ್ಪರಿಗಿ ನನ್ನ ಕೈಲೇನ ಗುಜರಿಗೆ ಹೋಗತೈತಿ ಅಂತ ಹಾದಿ ತುಂಬ ಸಂಕಟ ಪಟ್ಕೋಂತ ಬಂದೀನಿ."

ಮಾರೇಶ ಆಟೋದ ಹಗ್ಗಕ್ಕೆ ಕೈ ಹಾಕಿದ್ದ. ಅವಳು ತಿರುಗಿದಳು.

"ಬಿಚ್ಚಬ್ಯಾಡ. ಅದನ್ನ ಹಂಗ ವಾಪಸ್ ಕೊಟ್ಟು ಬಾ."

ಎದ್ದು, ಸೆರಗಿನ ತುದಿಯಿಂದ ಸೊಸೆಯ ಮೂಗಿನ ಮಸಿ ಒರೆಸಿದಳು. ಬಟ್ಟೆ ಸುತ್ತಿದ ಕೈಯನ್ನು ಎತ್ತಿ ನೋಡಿದಳು. ಎರಡು ಬೆರಳು ಬೊಬ್ಬೆ ಎದ್ದಿದ್ದವು.

"ನಾನೂರು ಮಂದಿಗೆ ಹುಣಸಿಹಣ್ಣು ಎಷ್ಟು ನೆನಿ ಹಾಕಬೇಕು?"

"ಗೊತ್ತಿಲ್ಲ ಅತ್ತೆ," ಎಂದಳು ಸಮತಾ.

"ಗೊತ್ತಿಲ್ಲ ಅಂದ್ರ ಹೆಂಗ? ನಾಳಿ ಸಾರು ಮಾಡಾಕಿ ನೀನು."