ಬಿಚ್ಚದ ಕಟ್ಟು

ಗಡಿಯಾಚೆ, ತೆಲುಗು ಸೀಮೆಯ ದೊಡ್ಡ ನಗರದ ಕೊಂಡಾಪುರದಲ್ಲಿ ಹದಿನೆಂಟು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ನಾಲ್ಕನೆಯ ಶೆಡ್ಡು ಬೂದೆಪ್ಪನದು. ಯಾದಗಿರಿ ಕಡೆಯಿಂದ ಬಂದು ಹನ್ನೊಂದು ವರ್ಷವಾಗಿತ್ತು. ಅವನು ಗೋಡೆಗೆ ಪ್ಲಾಸ್ಟರು ಮಾಡುವ ಗವಂಡಿ. ಹೆಂಡತಿ ಅನ್ನಮ್ಮ ಅದೇ ಕಟ್ಟಡದಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಮಗಳು ಭಾಗ್ಯಶ್ರೀ ತಾರ್ನಾಕದ ಖಾಸಗಿ ಕಾಲೇಜೊಂದರಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಳು.

ಬೆಳಿಗ್ಗೆ ಐದಕ್ಕೆ ನೀರಿನ ಟ್ಯಾಂಕರು ಬರುತ್ತಿತ್ತು. ಭಾಗ್ಯಶ್ರೀ ನಾಲ್ಕು ಕೊಡ ತುಂಬಿಟ್ಟು, ರೊಟ್ಟಿ ಬಡಿದು, ಆರೂವರೆಗೆ ಬಸ್ಸು ಹತ್ತಬೇಕು. ಎರಡು ಬಸ್ಸು, ಎರಡು ಗಂಟೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೆ ಅವಳ ಆಧಾರ್ ಕಾರ್ಡಿನಲ್ಲಿ ಯಾದಗಿರಿಯ ವಿಳಾಸವಿತ್ತು. "ಇದು ನಮ್ಮ ರಾಜ್ಯದ್ದಲ್ಲಮ್ಮ" ಎಂದು ಕಂಡಕ್ಟರು ದಿನಾ ಟಿಕೆಟ್ ಹರಿಯುತ್ತಿದ್ದ. ಪಕ್ಕದ ಸೀಟಿನವರು ತಿರುಗಿ ನೋಡುತ್ತಿದ್ದರು.

ಆ ಕಾಲೇಜಿನಲ್ಲಿ ಅವಳನ್ನು ಕನ್ನಡದಲ್ಲಿ ಮಾತಾಡಿಸಿದವರು ಒಬ್ಬರೇ, ಕೆಮಿಸ್ಟ್ರಿಯ ಗುರುಸಿದ್ದಪ್ಪ ಸರ್. ಮೊದಲ ವರ್ಷ ಹಾಜರಿ ಕರೆಯುವಾಗಲೇ ಅವರು ತಲೆಯೆತ್ತಿ ಕೇಳಿದ್ದರು.

"ಯಾವ ಊರವಾ ನಿಮ್ದು?"

"ಯಾದಗಿರಿ ಕಡೀದ್ರಿ ಸರ."

"ಹೌದೇನು? ನಮ್ದೂ ಅಲ್ಲೇ, ಶಹಾಪುರ. ನಮ್ಮ ಹುಡುಗೀನೇ ನೀನು."

ಅವತ್ತು ಸಂಜೆ ಅವಳು ಶೆಡ್ಡಿಗೆ ಬಂದವಳೇ ಆ ಮಾತನ್ನು ಅಪ್ಪನಿಗೆ ಎರಡು ಸಲ ಹೇಳಿದ್ದಳು.

ಗುರುಸಿದ್ದಪ್ಪ ಸರ್ ಕ್ಲಾಸಿಗೆ ಬರುತ್ತಿದ್ದರು, ಪಾಠ ಮಾಡುತ್ತಿರಲಿಲ್ಲ. ಹತ್ತು ನಿಮಿಷ ಗೋಡೆಯ ಮೇಲೆ ಸ್ಲೈಡು ಬಿಟ್ಟು ಓದಿ, "ಉಳಿದದ್ದನ್ನ ಸಂಜೆ ಟ್ಯೂಷನ್ನಿನಲ್ಲಿ ಹೇಳುತ್ತೇನೆ" ಎಂದು ಫೋನು ಹಿಡಿದು ಹೊರಗೆ ಹೋಗುತ್ತಿದ್ದರು. ಟ್ಯೂಷನ್ ಅವರ ಮನೆಯ ಮಹಡಿಯ ಮೇಲೆ ನಡೆಯುತ್ತಿತ್ತು. ಅದಕ್ಕೆ ಹೋಗಲು ಭಾಗ್ಯಶ್ರೀಯ ಹತ್ತಿರ ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. ಅವಳು ಗ್ರಂಥಾಲಯದಲ್ಲಿ ಕೂತು ತಾನೇ ಓದಿಕೊಂಡಳು. ಓದಿದ್ದನ್ನು ಗೆಳತಿಯರಿಗೆ ಹೇಳಿಕೊಟ್ಟಳು. ಅದು ಸರ್‌ಗೆ ಗೊತ್ತಾಯಿತು.

"ಭಾಗ್ಯಾ, ನಂಗ ಇವತ್ತು ಮೀಟಿಂಗ್ ಐತಿ. ನೀನೇ ಬೋರ್ಡಿಗೆ ಹೋಗಿ ಒಂದೀಟು ಹೇಳು."

ಒಂದು ದಿನದ ಮೀಟಿಂಗ್ ವಾರವಾಯಿತು, ವಾರ ಎರಡು ಸೆಮಿಸ್ಟರ್ ಆಯಿತು. ತೆಲುಗಿನವರಿಗೆ ತೆಲುಗಿನಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ ಅವಳು ಪಾಠ ಹೇಳಿದಳು. ಸಂಬಳ ಮಾತ್ರ ಸರ್ ತೆಗೆದುಕೊಂಡರು. ಭಾಗ್ಯಶ್ರೀಗೆ ಅದು ಅನ್ಯಾಯ ಅನ್ನಿಸಲೇ ಇಲ್ಲ. ನಮ್ಮವರು ನಂಬಿ ಕೊಟ್ಟ ಕೆಲಸ ಎಂದುಕೊಂಡಳು.

"ನಿನ್ನ ಇಂಟರ್ನಲ್ ಚಿಂತಿ ನಂಗ ಬಿಡು," ಎಂದಿದ್ದರು ಸರ್.

ಇಂಟರ್ನಲ್ ಎಂದರೆ ಕಾಲೇಜಿನವರೇ ಕೊಡುವ ನಲವತ್ತು ಅಂಕ. ಅದರಲ್ಲಿ ಹದಿನಾಲ್ಕು ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವ ಹಾಗಿಲ್ಲ. ವರ್ಷ ಹೋದಂತೆಯೇ.

ಜನವರಿಯಲ್ಲಿ ಕಾಲೇಜಿಗೆ ತಪಾಸಣೆಯ ತಂಡ ಬಂತು. ವಯಸ್ಸಾದ ಒಬ್ಬ ಮೇಡಂ ಕ್ಲಾಸಿಗೆ ಬಂದು ಪುಸ್ತಕ ತಿರುವಿ ಒಂದು ಪ್ರಶ್ನೆ ಕೇಳಿದರು. ಹಿಂದಿನ ಬೆಂಚಿನ ವನಜಾ ಎದ್ದು ತಡವರಿಸದೆ ಉತ್ತರ ಹೇಳಿದಳು. ಮೇಡಂಗೆ ಖುಷಿಯಾಯಿತು.

"ಚೆನ್ನಾಗಿ ಕಲಿಸಿದ್ದಾರೆ. ಯಾರು ಪಾಠ ಮಾಡಿದ್ದು?"

"ಭಾಗ್ಯಶ್ರೀ, ಮೇಡಂ," ಎಂದುಬಿಟ್ಟಳು ವನಜಾ.

ಕ್ಲಾಸು ನಕ್ಕಿತು. ಬಾಗಿಲ ಬಳಿ ನಿಂತಿದ್ದ ಗುರುಸಿದ್ದಪ್ಪ ಸರ್ ನಗಲಿಲ್ಲ. ಮರುದಿನ ಅವರಿಗೆ ಆಡಳಿತದವರ ನೋಟೀಸು ಬಂತಂತೆ. ಅಲ್ಲಿಂದ ಅವರು ಭಾಗ್ಯಶ್ರೀಯೊಂದಿಗೆ ಕನ್ನಡ ಮಾತಾಡುವುದನ್ನು ನಿಲ್ಲಿಸಿದರು.

ಫೆಬ್ರವರಿಯಲ್ಲಿ ಇಂಟರ್ನಲ್ ಪರೀಕ್ಷೆ ನಡೆಯಿತು. ಬರೆದ ಪೇಪರುಗಳನ್ನು ಕಟ್ಟಿ ಒಯ್ಯುವ ಕೆಲಸ ಎಂದಿನಂತೆ ಭಾಗ್ಯಶ್ರೀಗೇ ಬಿತ್ತು, ಕಟ್ಟಲು ದಾರವಿರಲಿಲ್ಲ. ಅವಳ ಚೀಲದಲ್ಲಿ ಅಪ್ಪ ಗೋಡೆಯ ನೇರ ನೋಡಲು ಹಿಡಿಯುವ ಹಳದಿ ದಾರದ ತುಂಡಿತ್ತು. ಅದರಲ್ಲೇ ಕಟ್ಟಿ, ಅಪ್ಪ ಕಲಿಸಿದ ಹಾಗೆ ಬಿಗಿಯಾಗಿ ಗಂಟು ಹಾಕಿ ಸ್ಟಾಫ್ ರೂಮಿಗೆ ಒಯ್ದು ಕೊಟ್ಟಳು. ಅಂಥ ಗಂಟನ್ನು ಕತ್ತರಿಸಬೇಕೇ ಹೊರತು ಬಿಚ್ಚಲು ಬರುವುದಿಲ್ಲ.

ಮೂರು ವಾರದ ನಂತರ ಬೋರ್ಡಿನ ಮೇಲೆ ಅಂಕಗಳ ಪಟ್ಟಿ ಬಿತ್ತು. ಟ್ಯೂಷನ್ನಿಗೆ ಹೋಗುತ್ತಿದ್ದ ಕ್ಲಾಸ್ ಲೀಡರ್ ಸೂರಜ್‌ಗೆ ಮೂವತ್ತೊಂಬತ್ತು. ವನಜಾಗೆ ಹನ್ನೊಂದು. ಭಾಗ್ಯಶ್ರೀಗೆ ಒಂಬತ್ತು.

ತನ್ನ ಹೆಸರಿನ ಮುಂದೆ ಬೆರಳಿಟ್ಟು ಅವಳು ಮೂರು ಸಲ ನೋಡಿದಳು. ಆಮೇಲೆ ಸ್ಟಾಫ್ ರೂಮಿಗೆ ಹೋದಳು.

"ಸರ, ನನ್ನ ಪೇಪರ್ ಒಮ್ಮೆ ತೋರಸ್ತೀರೇನ್ರಿ?"

"ನೋಡಿ ಏನ್ ಮಾಡ್ತಿ? ನೀ ಬರದಷ್ಟಕ್ಕ ಹಾಕೀನಿ," ಎಂದರು ಅವರು, ಫೋನಿನಿಂದ ಕಣ್ಣೆತ್ತದೆ.

ಅವರ ತಲೆಯ ಮೇಲಿನ ಕಪಾಟಿನಲ್ಲಿ ಕಟ್ಟು ಇತ್ತು. ಹಳದಿ ದಾರ ಹಾಗೇ ಇತ್ತು. ಗಂಟೂ ಹಾಗೇ ಇತ್ತು. ಮೇಲೆ ಧೂಳು ಕೂತಿತ್ತು.

ಭಾಗ್ಯಶ್ರೀ ಆ ಗಂಟನ್ನೇ ನೋಡಿದಳು. ಕಡಿಮೆ ಅಂಕ ಕೊಟ್ಟದ್ದಲ್ಲ. ಯಾರೂ ಓದೇ ಇರಲಿಲ್ಲ.

ಅವಳು ಹೊರಗೆ ಬಂದು ಕಂಡದ್ದನ್ನು ಹೇಳಿದಳು. ವನಜಾ ಅರ್ಜಿ ಬರೆದಳು. 'ನಮ್ಮ ಉತ್ತರ ಪತ್ರಿಕೆಗಳನ್ನು ನಮಗೆ ತೋರಿಸಿ' ಎಂಬ ಒಂದೇ ಸಾಲು. ನಲವತ್ತೊಂದು ಜನ ಸಹಿ ಹಾಕಿದರು. ಸೂರಜ್ ಹಾಕಲಿಲ್ಲ. ಅರ್ಜಿ ತೆಗೆದುಕೊಂಡ ಪ್ರಿನ್ಸಿಪಾಲ್ ಮೇಡಂ ಕಟ್ಟನ್ನು ತಮ್ಮ ಕೋಣೆಗೆ ತರಿಸಿ, "ವಿಚಾರಿಸುತ್ತೇನೆ" ಎಂದರು.

ಸೋಮವಾರ ಭಾಗ್ಯಶ್ರೀ ಒಬ್ಬಳಿಗೇ ಕರೆ ಬಂತು. ಮೇಡಂ ಒಂದು ಕಾಗದವನ್ನು ಅವಳ ಕಡೆ ಸರಿಸಿದರು. ಅದು ಇಂಗ್ಲಿಷಿನಲ್ಲಿತ್ತು. ನನ್ನ ಮಗಳು ಕೂಲಿಗೆ ಹೋಗುವುದರಿಂದ ಸರಿಯಾಗಿ ಕಾಲೇಜಿಗೆ ಬಂದಿಲ್ಲ. ಪರೀಕ್ಷೆಯನ್ನು ಸರಿಯಾಗಿ ಬರೆದಿಲ್ಲ. ಉಪನ್ಯಾಸಕರ ಮೇಲೆ ಸುಳ್ಳು ದೂರು ಕೊಟ್ಟದ್ದಕ್ಕೆ ಕ್ಷಮೆ ಕೇಳುತ್ತೇನೆ.

ಕೆಳಗೆ ಕನ್ನಡದಲ್ಲಿ, ಸೊಟ್ಟ ಅಕ್ಷರದಲ್ಲಿ ಬೂದೆಪ್ಪ ಎಂದಿತ್ತು. ಆ ಸಹಿಯನ್ನು ಅವಳೇ ಐದನೇ ತರಗತಿಯಲ್ಲಿದ್ದಾಗ ಅಪ್ಪನ ಕೈ ಹಿಡಿದು ಕಲಿಸಿದ್ದಳು.

"ನಿನ್ನ ತಂದೆಯೇ ಒಪ್ಪಿಕೊಂಡ ಮೇಲೆ ನಾನೇನು ವಿಚಾರಿಸಲಿ?" ಎಂದರು ಮೇಡಂ.

ಅವಳು ಉಳಿದ ಕ್ಲಾಸಿಗೆ ಕೂರಲಿಲ್ಲ. ಕೊಂಡಾಪುರಕ್ಕೆ ಬಂದಾಗ ಮೂರು ಗಂಟೆ. ಬೂದೆಪ್ಪ ಎರಡನೆಯ ಮಹಡಿಯಲ್ಲಿ ಗೋಡೆ ನುಣುಪು ಮಾಡುತ್ತಿದ್ದ. ಅನ್ನಮ್ಮ ಪಕ್ಕದಲ್ಲಿ ಸಿಮೆಂಟು ಮರಳಿನ ಮಾಲು ಕಲೆಸುತ್ತಿದ್ದಳು.

"ಅಪ್ಪಾ, ನೀ ಯಾವ ಕಾಗದಕ್ಕ ಸಹಿ ಮಾಡ್ದಿ?"

"ನಿಮ್ಮ ಸರ್ ಬಂದಿದ್ರಲ್ಲ ಬೇ, ನಿನ್ನಿ ಐತವಾರ. ನೀ ಕಿರಾಣಿ ಅಂಗಡಿಗೆ ಹೋಗಿದ್ದಿ. ಸ್ಕಾಲರ್‌ಶಿಪ್ ಕಾಗದ ಅಂದ್ರು. ನಿನಗ ಹೇಳಬ್ಯಾಡ, ಮಂಜೂರಾದ ಮ್ಯಾಲೆ ನಾನೇ ಹೇಳ್ತೀನಿ ಅಂದ್ರು."

ಭಾಗ್ಯಶ್ರೀ ಕಾಗದದಲ್ಲಿದ್ದದ್ದನ್ನು ಹೇಳಿದಳು. ಬೂದೆಪ್ಪನ ಕೈಯ ಕರಣೆ ಗೋಡೆಯ ಮೇಲೆ ನಿಂತಿತು. ಅವನು ಅದನ್ನು ಕೆಳಗಿಟ್ಟ.

"ಹನ್ನೊಂದು ವರ್ಷ ಆತು ಬೇ ಈ ಊರಿಗೆ ಬಂದು," ಎಂದ ಆಮೇಲೆ. "ಒಬ್ಬ ದೊಡ್ಡ ಮನಷ್ಯಾ ನನ್ನ ಕೂಡ ಕುಂತು ಕನ್ನಡ ಮಾತಾಡಿದ್ದಿಲ್ಲ. ಬೂದೆಪ್ಪಣ್ಣ ಅಂದ್ರು. ನಾ ಕಾಗದ ನೋಡ್ಲೇ ಇಲ್ಲ. ಅವರ ಮಾರಿ ನೋಡಕೋತ ಸಹಿ ಮಾಡ್ದೆ."

"ನಾ ಚಹಾ ಕೊಟ್ಟೆ," ಎಂದಳು ಅನ್ನಮ್ಮ. "ಬಾಯಿಗೆ ಮುಟ್ಟಿಸ್ಲಿಲ್ಲ. ಹಂಗೇ ಬಿಟ್ಟು ಹ್ವಾದ್ರು. ಆಗೇ ನನಗ ತಿಳೀಬೇಕಿತ್ತು."

ಮಗಳಿಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಅಪ್ಪನ ಮುಖ ನೋಡಲಾಗಲಿಲ್ಲ, ಅಷ್ಟೆ. ಅವಳು ಬುಟ್ಟಿ ಎತ್ತಿ ಅವ್ವನಿಗೆ ಮರಳು ತುಂಬಿಕೊಟ್ಟಳು.

ಮರುದಿನ ಬೂದೆಪ್ಪ ಕೆಲಸಕ್ಕೆ ಹೋಗಲಿಲ್ಲ. ಮಗಳೊಂದಿಗೆ ಬಸ್ಸು ಹತ್ತಿದ. ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ತಡೆದಾಗ, "ಸರ್ ನಮ್ಮ ಮನಿಗೆ ಬಂದಿದ್ರು. ಈಗ ನಾ ಬಂದೀನಿ," ಎಂದ. ವಾಚ್‌ಮನ್‌ಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಬಿಟ್ಟ.

ಪ್ರಿನ್ಸಿಪಾಲರ ಕೋಣೆಯಲ್ಲಿ ಗುರುಸಿದ್ದಪ್ಪ ಸರ್ ಕೂತಿದ್ದರು. ಕಾಗದ ಮೇಜಿನ ಮೇಲೆಯೇ ಇತ್ತು. ಬೂದೆಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಅದನ್ನೆತ್ತಿ ಎರಡೂ ಕೈಯಲ್ಲಿ ಸರ್ ಮುಂದೆ ಹಿಡಿದ.

"ಸರ, ಇದನ್ನ ಓದಿ ಹೇಳ್ರಿ. ಅವತ್ತು ಹ್ಯಾಂಗ ಹೇಳಿದ್ರಿ, ಹಂಗ."

"ಅದು ಆಫೀಸಿನ ಕಾಗದ ಬೂದೆಪ್ಪ. ಇಲ್ಲಿ ಓದೂದಲ್ಲ."

"ನನ್ನ ಸಹಿ ಐತ್ರಿ ಅದರಾಗ. ನನಗ ಓದಿ ಹೇಳ್ಬೇಕು."

ಬಾಗಿಲಲ್ಲಿ ಹುಡುಗರು ಸೇರತೊಡಗಿದರು. ಇವನೇನು ಹೇಳುತ್ತಿದ್ದಾನೆ ಎಂದು ಒಬ್ಬರನ್ನೊಬ್ಬರು ಕೇಳಿದರು. ಆಗ ಭಾಗ್ಯಶ್ರೀ ಅಪ್ಪನ ಕೈಯಿಂದ ಕಾಗದ ತೆಗೆದುಕೊಂಡಳು. ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ಹಾಗೆಯೇ ಒಂದೊಂದು ಸಾಲನ್ನು ಓದಿ, ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು. ಸ್ಕಾಲರ್‌ಶಿಪ್ ಎಂದು ಸಹಿ ಮಾಡಿಸಿಕೊಂಡದ್ದನ್ನೂ ಹೇಳಿದಳು. ಅವಳ ದನಿ ಒಂದೇ ಕಡೆ ಒಡೆಯಿತು, 'ಸುಳ್ಳು ದೂರು' ಎನ್ನುವಲ್ಲಿ.

"ಎಲ್ಲರೂ ಹೊರಗೆ ಹೋಗಿ," ಎಂದರು ಮೇಡಂ.

ಯಾರೂ ಹೋಗಲಿಲ್ಲ. ಹಿಂದಿನಿಂದ ಸೂರಜ್ ದಾರಿ ಮಾಡಿಕೊಂಡು ಬಂದ. ಮೇಡಂ ಅವರ ಮೇಜಿನ ಕೆಳಗಿದ್ದ ಕಟ್ಟನ್ನು ಎಳೆದು ಮೇಲಿಟ್ಟ. ಹಳದಿ ಗಂಟು ಎಲ್ಲರಿಗೂ ಕಂಡಿತು.

"ಆ ದಿನ ನನಗೆ ಜ್ವರ, ಮೇಡಂ," ಎಂದ ತೆಲುಗಿನಲ್ಲಿ. "ಎರಡೇ ಪ್ರಶ್ನೆ ಬರೆದೆ. ಮೂವತ್ತೊಂಬತ್ತು ಹೇಗೆ ಬಂತು? ಮೊದಲು ನನ್ನ ಪೇಪರ್ ತೆಗೆಯಿರಿ."

ಮೇಡಂ ಕಟ್ಟಿನ ಮೇಲೆ ಕೈಯಿಟ್ಟರು, ಬಿಚ್ಚಲಿಲ್ಲ.

"ಕಮಿಟಿ ಮಾಡುತ್ತೇನೆ. ಹದಿನೈದು ದಿನದಲ್ಲಿ ವರದಿ ಬರುತ್ತದೆ."

"ಕೊನೆಯ ಪರೀಕ್ಷೆಗೆ ಇನ್ನು ಆರೇ ದಿನ ಇದೆ," ಎಂದಳು ಭಾಗ್ಯಶ್ರೀ.

"ನಿಯಮ ನಿಯಮವೇ. ಹದಿನಾಲ್ಕು ಇಲ್ಲದವರಿಗೆ ಹಾಲ್ ಟಿಕೆಟ್ ಕೊಡುವ ಹಾಗಿಲ್ಲ," ಎಂದರು ಮೇಡಂ ಇಂಗ್ಲಿಷಿನಲ್ಲಿ.

ಬೂದೆಪ್ಪ ಮಗಳ ಮುಖ ನೋಡಿದ. ಅವಳು ಅರ್ಥ ಹೇಳಿದಳು. ಅವನು ತಲೆಯಾಡಿಸಿ ಹೊರಗೆ ಬಂದು, ವರಾಂಡದ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತ. ಪಕ್ಕದಲ್ಲಿ ಭಾಗ್ಯಶ್ರೀ ಕೂತಳು. ವನಜಾ ಕೂತಳು. ಸೂರಜ್ ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಕೂತ. ಗಂಟೆ ಹೊಡೆಯಿತು. ಯಾರೂ ಕ್ಲಾಸಿಗೆ ಹೋಗಲಿಲ್ಲ. ವರಾಂಡ ತುಂಬಿ ಮೆಟ್ಟಿಲ ತನಕ ಜನ ಕೂತರು.

ಸ್ವಲ್ಪ ಹೊತ್ತಿಗೆ ಗುರುಸಿದ್ದಪ್ಪ ಸರ್ ಹೊರಗೆ ಬಂದರು. ಹುಡುಗರ ನಡುವೆ ಹೆಜ್ಜೆಯಿಡಲು ಜಾಗ ಹುಡುಕುತ್ತ ಬೂದೆಪ್ಪನ ಹತ್ತಿರ ಬಂದು, ಬಗ್ಗಿ, ಅವನಿಗಷ್ಟೇ ಕೇಳುವಂತೆ ಹೇಳಿದರು.

"ಬೂದೆಪ್ಪಣ್ಣ, ಏಳು. ನಾವಿಬ್ರೂ ಒಂದೇ ಕಡೆಯವ್ರು. ಹೊರಗ ಹೋಗಿ ಮಾತಾಡೂಣು."

ಬೂದೆಪ್ಪ ಕೂತಲ್ಲಿಂದ ಏಳಲಿಲ್ಲ.

"ಏನ್ ಹೇಳೂದಿದ್ರೂ ತೆಲುಗಿನಾಗ ಹೇಳ್ರಿ ಸರ," ಎಂದ. "ಎಲ್ಲಾರಿಗೂ ತಿಳೀಲಿ."