ದೋಣಿ ತಟ್ಟಿ ನೋಡಿದ ದಿನ

ಮನೆ ಮಾರಿ ದೋಣಿ ಕೊಳ್ಳುತ್ತೇವೆ ಎಂದಾಗ ನೆಂಟರಿಷ್ಟರೆಲ್ಲ ಮೊದಲು ನಕ್ಕರು, ಆಮೇಲೆ ಕಿವಿರಾಯರ ಹೆಂಡತಿಯನ್ನು ಮರುಕದಿಂದ ನೋಡಿದರು. ಈ ವಯಸ್ಸಿನಲ್ಲಿ ಗಂಡನಿಗೆ ಹುಚ್ಚು ಹತ್ತಿದರೆ ಪಾಪ, ಅವಳೇನು ಮಾಡಿಯಾಳು! ಹುಚ್ಚು ತನ್ನದೇ ಎಂದು ಆಕೆ ಯಾರಿಗೂ ಬಾಯಿ ಬಿಡಲಿಲ್ಲ.

ಕಿವಿರಾಯ ಎಂಬುದು ರೈಲ್ವೆಯವರು ಇಟ್ಟ ಅಡ್ಡಹೆಸರು. ಮೂವತ್ತಾರು ವರ್ಷ ಅವರು ಮಾಡಿದ ಕೆಲಸ ಒಂದೇ. ಉದ್ದ ಹಿಡಿಯ ಸುತ್ತಿಗೆ ಹಿಡಿದು, ನಿಂತ ರೈಲಿನ ಪಕ್ಕದಲ್ಲಿ ನಡೆಯುತ್ತ, ಒಂದೊಂದು ಗಾಲಿಯನ್ನೂ ತಟ್ಟಿ ಅದರ ಸದ್ದು ಕೇಳುವುದು. ಗಟ್ಟಿ ಗಾಲಿ ಗಂಟೆಯ ಹಾಗೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ನೆಗಡಿಯಾದವನ ಹಾಗೆ ಮಾತಾಡುತ್ತದೆ. ಅವರು ಬೇಡವೆಂದ ಗಾಲಿಯನ್ನು ದೊಡ್ಡ ಸಾಹೇಬರೂ ಬೇಕೆಂದದ್ದಿಲ್ಲ.

ಮದುವೆಯಾದ ಹೊಸತರಲ್ಲಿ ಕ್ವಾರ್ಟರ್ಸ್ ಖಾಲಿ ಇರಲಿಲ್ಲವೆಂದು, ಯಾರ್ಡಿನ ಮೂಲೆಯಲ್ಲಿ ನಿಲ್ಲಿಸಿದ್ದ ಹಳೆಯ ಬೋಗಿಯೊಂದನ್ನೇ ಅವರಿಗೆ ಮನೆ ಮಾಡಿಕೊಟ್ಟಿದ್ದರು. ಮಡಚುವ ಹಲಗೆಯೇ ಮಂಚ, ಮಡಚುವ ಹಲಗೆಯೇ ಊಟದ ಮೇಜು. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಜಗಳವಾಡಿ ಮುಖ ತಿರುಗಿಸಿಕೊಂಡರೂ ಕಾಫಿ ಲೋಟ ತರಲು ಮೈಗೆ ಮೈ ತಾಗಿಯೇ ಹೋಗಬೇಕು. ಜಗಳಕ್ಕೆ ಆಯುಸ್ಸೇ ಇರಲಿಲ್ಲ. ಭಾನುವಾರ ಬಂತೆಂದರೆ ಕಿವಿರಾಯರು ಕೆಳಗಿಳಿದು ಮನೆಯ ಗಾಲಿಗಳನ್ನೂ ತಟ್ಟಿ ಬರುತ್ತಿದ್ದರು.

“ಎಲ್ಲಿಗೂ ಹೋಗದ ಮನೆಗೆ ಯಾಕ್ರೀ ಈ ಉಪಚಾರ?” ಎಂದು ಆಕೆ ಕೇಳಿದರೆ, “ಹೋಗೋದಿಲ್ಲ ಅಂತ ಅದಕ್ಕೆ ಗೊತ್ತಾಗಬಾರದು, ನೋಡು” ಎನ್ನುತ್ತಿದ್ದರು.

ನಾಲ್ಕು ವರ್ಷದ ಮೇಲೆ ಬೋಗಿ ಗುಜರಿಗೆ ಹೋಯಿತು. ಅವರು ಗೋಡೆ, ಅಂಗಳ, ಮೂರು ಕೋಣೆಗಳ ಮನೆ ಸೇರಿದರು. ಮನೆ ಒಳ್ಳೆಯದೇ. ಆದರೆ ಅಷ್ಟು ಅಗಲದಲ್ಲಿ ಒಬ್ಬರಿಗೊಬ್ಬರು ತಾಗುವುದೇ ತಪ್ಪಿಹೋಯಿತು. ಇತ್ತೀಚೆಗಂತೂ ಅವರೊಂದು ಕೋಣೆ, ತಾನೊಂದು ಕೋಣೆ. ಕರೆದರೆ ಅವರು ಓಗೊಡುತ್ತಿರಲಿಲ್ಲ. ಕೋಪವಿರಬಹುದು ಎಂದು ಆಕೆ ಮೊದಮೊದಲು ನೊಂದುಕೊಂಡಿದ್ದಳು. ನಿಜ ಸಂಗತಿ ತಿಳಿದ ಮೇಲೆ ಇನ್ನಷ್ಟು ನೊಂದಳು.

ಆ ದೋಣಿಯನ್ನು ಕಂಡದ್ದು ಬಂದರಿನ ಕಡೆ ಗಾಳಿಗೆ ಹೋದಾಗ. ಅಕ್ಕಪಕ್ಕ ಎರಡು ಒಡಲು, ಅವೆರಡನ್ನೂ ಜೋಡಿಸಿ ಮೇಲೊಂದು ಕೂರುವ ಕೋಣೆ. ಕ್ಯಾಟಮರಾನ್ ಅಂತಾರೆ, ಎರಡು ಕಾಲೂರಿ ನಿಲ್ಲೋದ್ರಿಂದ ಹೊಯ್ದಾಟ ಕಡಿಮೆ ಎಂದು ಒಡತಿ ವಿವರಿಸಿದಳು. ಒಡತಿ ನಿವೃತ್ತ ಹಲ್ಲಿನ ಡಾಕ್ಟರು. ಹನ್ನೊಂದು ವರ್ಷ ಅದರಲ್ಲೇ ಬಾಳಿದವಳು. ಮೊಣಕಾಲು ಮೆಟ್ಟಿಲು ಬೇಡವೆಂದದ್ದರಿಂದ ತಂಗಿಯ ಮನೆಗೆ ಹೊರಟಿದ್ದಳು. ಕಿವಿರಾಯರ ಹೆಂಡತಿ ಒಂದು ಒಡಲಿಗೆ ಇಳಿದು ನೋಡಿದಳು. ಮಡಚುವ ಮೇಜು, ಗೂಡಿನಂಥ ಮಂಚ, ಭುಜ ತಾಗುವ ಓಣಿ. ಹಿಂದೆಯೇ ಇಳಿದ ಗಂಡ ಮುಂದೆ ಹೋಗಲೆಂದು ಆಕೆ ತನಗರಿವಿಲ್ಲದೆಯೇ ಗೋಡೆಗೆ ಒರಗಿದಳು. ಅವರು ದಾಟುವಾಗ ನಿಂತು ನಕ್ಕರು. ಮನಸ್ಸು ನಿರ್ಧಾರ ಮಾಡಿದ್ದು ಅಲ್ಲೇ.

ಮನೆ ಕೊಂಡವರು ತಿಂಗಳ ಕೊನೆಗೆ ಬೀಗದ ಕೈಗೆ ಬರುವವರಿದ್ದರು. ಇನ್ನು ಉಳಿದದ್ದು ದೋಣಿಯ ಪರೀಕ್ಷೆ. ಎರಡು ಪದರ ಫೈಬರಿನ ನಡುವೆ ಹಗುರವಾದ ಮರವಿರುತ್ತದೆ. ಎಲ್ಲಾದರೂ ನೀರು ಹೊಕ್ಕರೆ ಹೊರಗೆ ಬಣ್ಣ ಥಳಥಳ, ಒಳಗೆ ಕೊಳೆ. ಪತ್ತೆ ಮಾಡಬೇಕೆಂದರೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು.

“ಅದಕ್ಕೆ ಅಂತಲೇ ಇನ್‌ಸ್ಪೆಕ್ಟರ್ ಇದಾರೆ, ಕರೆಸೋಣ್ವಾ?” ಎಂದಳು ಡಾಕ್ಟರು.

“ಮೀನಿಗೆ ಈಜೋಕೆ ಮೇಷ್ಟ್ರು ಯಾಕೆ?” ಎಂದರು ಕಿವಿರಾಯರು.

ಪರೀಕ್ಷೆಗೆ ತಾನೂ ಜೊತೆಗೆ ಬರುತ್ತೇನೆಂದಳು ಹೆಂಡತಿ.

ದೋಣಿಯನ್ನು ದಡಕ್ಕೆಳೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಬೆಳಿಗ್ಗೆ ಕಿವಿರಾಯರು ಚಿಕ್ಕ ಸುತ್ತಿಗೆ ಹಿಡಿದು, ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಎಡಗಡೆಯ ಒಡಲಿನಿಂದ ಶುರು ಮಾಡಿದರು. ಗೇಣಿಗೊಂದು ಪೆಟ್ಟು. ಟಣ್, ಟಣ್, ಟಣ್. ಹೆಂಡತಿ ಎರಡು ಹೆಜ್ಜೆ ಹಿಂದೆ. ಎಷ್ಟು ವರ್ಷವಾಯಿತು ಆ ಲಯ ಕೇಳಿ! ಮುಂಜಾನೆಯ ಮಂಜಿನಲ್ಲಿ ಯಾರ್ಡಿನ ತುದಿಯಿಂದ ಆ ಸದ್ದು ಹತ್ತಿರವಾದಂತೆ ಆಕೆ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಹತ್ತು ಜನ ತಟ್ಟಿದರೂ ಗಂಡನ ಪೆಟ್ಟು ಯಾವುದೆಂದು ಗುರುತಿಸುತ್ತಿದ್ದಳು.

ಟಣ್, ಟಣ್, ದೊಪ್. ಟಣ್.

ಕಿವಿರಾಯರು ನಿಲ್ಲಲಿಲ್ಲ. ಅದೇ ಹೆಜ್ಜೆ, ಅದೇ ಗಾಂಭೀರ್ಯ, ಮುಂದೆ ನಡೆದರು.

ದೊಪ್ಪೆಂದ ಜಾಗದ ಎದುರು ಆಕೆ ನಿಂತಳು. ಹೇಳದಿದ್ದರೆ ಕೊಳೆತ ಒಡಲಿನ ದೋಣಿ ತಲೆಗೆ ಕಟ್ಟಿಕೊಂಡು, ಇದ್ದ ಮನೆಯನ್ನೂ ಕಳೆದುಕೊಂಡು ನಿಲ್ಲಬೇಕು. ಹೇಳಿದರೆ ಪರರ ಮುಂದೆ ಕಿವಿರಾಯರ ಕಿವಿಯನ್ನೇ ಕಿತ್ತಂತೆ. ಆಕೆ ಡಾಕ್ಟರ ಕಡೆ ನೋಡಿದಳು. ಏಣಿಯ ಬುಡದಲ್ಲಿ ಕುರ್ಚಿ ಹಾಕಿ ಕೂತಿದ್ದ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಿದ್ದಳು. ಅವಳಿಗೂ ಕೇಳಿಸಿತ್ತು. ಸುಮ್ಮನಿದ್ದರೆ ದೋಣಿ ಮಾರಿಹೋಗುತ್ತಿತ್ತು.

“ಯಜಮಾನ್ರೇ, ಆ ಗಾಡಿ ಹೋಯ್ತಲ್ಲ, ಗಲಾಟೆಯಲ್ಲಿ ಒಂದು ಪೆಟ್ಟು ಮುಳುಗಿಹೋಯ್ತು ಅನ್ನಿಸ್ತು. ಇನ್ನೊಂದ್ಸಲ ತಟ್ತೀರಾ?” ಎಂದಳು ಡಾಕ್ಟರು.

ಯಾವ ಗಾಡಿಯೂ ಹೋಗಿರಲಿಲ್ಲ. ಕಿವಿರಾಯರು ಹಿಂದಿರುಗಿ ತಟ್ಟಿದರು. ದೊಪ್. ತಲೆಯಾಡಿಸಿದರು. “ಗಟ್ಟಿ ಇದೆ, ಡಾಕ್ಟ್ರೇ.”

ಕಿವಿರಾಯರು ಹೆಂಡತಿಯ ಮುಖ ನೋಡಿದರು, ಡಾಕ್ಟರ ಮುಖ ನೋಡಿದರು, ಮತ್ತೆ ಹೆಂಡತಿಯ ಮುಖ. ಸುತ್ತಿಗೆ ನಿಧಾನವಾಗಿ ಕೆಳಗಿಳಿಯಿತು.

“ಇಲ್ಲಿ ಕೊಳೆತು ಹೋಗಿದೆಯೇನೇ?”

“ಹೂಂ ರೀ.”

“ನನಗೆ ಎಲ್ಲಾ ಒಂದೇ ಥರ ಕೇಳಿಸ್ತಾ ಇದೆ. ನಿನಗೆ ಎಷ್ಟು ದಿನದಿಂದ ಗೊತ್ತು?”

“ಎರಡು ವರ್ಷ. ಬಾಗಿಲ ಬೆಲ್ ಕೆಟ್ಟಿದೆ, ಜೋರಾಗಿ ಬಡೀರಿ ಅಂತ ಬಂದೋರಿಗೆಲ್ಲ ಹೇಳಿಟ್ಟಿದ್ದೆ. ನಾನಿಲ್ಲದಾಗ ನೀವು ಬಾಗಿಲು ತೆಗೆಯಲಿಲ್ಲ ಅಂತ ಯಾರೂ ಅನ್ನಬಾರದು ಅಂತ.”

“ಆ ಬೆಲ್ಲನ್ನ ನಾನು ಬಿಚ್ಚಿ ನೋಡಿದ್ದೆ. ಕೈಯಿಟ್ಟರೆ ಚೆನ್ನಾಗೇ ನಡುಗ್ತಿತ್ತು. ನೀನು ಯಾಕೆ ಹಾಗೆ ಹೇಳಿದೀಯ ಅಂತ ಅರ್ಥವಾಯ್ತು. ಹಾಗೇ ಮುಚ್ಚಿಟ್ಟೆ.”

“ಗೊತ್ತಿದ್ದೂ ಇವತ್ತು ಸುತ್ತಿಗೆ ಹಿಡಿದು ಬಂದ್ರಾ?” ಆಕೆಗೆ ಸಿಟ್ಟು ಬಂತು. “ಮನೆ ಹೋಗ್ತಿತ್ತಲ್ರೀ!”

“ನೀನು ಹಿಂದೆ ಬರ್ತೀಯಲ್ಲ ಅಂತ ಧೈರ್ಯ.” ಕಿವಿರಾಯರು ಕತ್ತು ತಗ್ಗಿಸಿದರು. “ಒಂದ್ಸಲ, ಕೊನೇ ಸಲ, ತಟ್ಟಿ ನೋಡೋಣ ಅಂತ ಆಸೆಯಾಯ್ತು. ತಪ್ಪಾಯ್ತು.”

ಡಾಕ್ಟರು ಕುಂಟುತ್ತ ಎದ್ದು ಬಂದಳು. “ನಾನೂ ನಲವತ್ತು ವರ್ಷ ಹಲ್ಲು ತಟ್ಟಿ ನೋಡಿದೋಳೇ. ಬಾಯೊಳಗೆ ನೋಡೋ ಪುಟ್ಟ ಕನ್ನಡಿಯ ಹಿಡೀಲಿ ತಟ್ಟೋದು. ಕೊನೆಕೊನೆಗೆ ಕಿವಿಗಿಂತ ಬೆರಳೇ ಹೆಚ್ಚು ಹೇಳ್ತಿತ್ತು. ಇದೊಂದು ಹುಳುಕಿದೆ ಅಂತ ನನಗೂ ಗೊತ್ತಿರಲಿಲ್ಲ, ನಿಮ್ಮಾಣೆ. ಆದರೆ ಹುಳುಕಿಗೆಲ್ಲ ಹಲ್ಲು ಕೀಳ್ತಾರಾ? ಎಷ್ಟು ಅಗಲ ಅಂತ ನೋಡೋಣ, ಕೊರೆದು ತುಂಬಿಸಿಯೇ ನಿಮ್ಮ ಕೈಗೆ ಕೊಡ್ತೀನಿ. ಜಾಸ್ತಿ ಹರಡಿದ್ರೆ ಬೇಡವೇ ಬೇಡ.”

ಕಿವಿರಾಯರು ಒಂದು ಗಳಿಗೆ ಯೋಚಿಸಿ, ಸುತ್ತಿಗೆಯನ್ನು ಹೆಂಡತಿಯ ಕೈಗಿತ್ತರು. “ಮಣಿಕಟ್ಟು ಸಡಿಲ ಬಿಡು. ಬೈಯೋ ಹಾಗೆ ಅಲ್ಲ, ಬಾಗಿಲು ತಟ್ಟೋ ಹಾಗೆ.” ತಾವು ಎರಡೂ ಅಂಗೈಗಳನ್ನು ಒಡಲಿಗೆ ಒತ್ತಿ ನಿಂತರು.

ಆಕೆ ತಟ್ಟಿದಳು. ಗಟ್ಟಿ ಜಾಗದಲ್ಲಿ ಅವರು ಹೂಂಗುಟ್ಟಿದರು. ಮೆತ್ತಗಿನ ಜಾಗದಲ್ಲಿ, “ಇಲ್ಲಿ ಸತ್ತುಹೋಯ್ತು” ಎಂದರು. ಒಮ್ಮೆಯೂ ಆಕೆಯ ಕಿವಿಗೂ ಅವರ ಕೈಗೂ ತಾಳ ತಪ್ಪಲಿಲ್ಲ. ಸೀಮೆಸುಣ್ಣದ ಗೆರೆ ಸುತ್ತಿ ಬಂದು ಕೂಡಿದಾಗ, ಹುಳುಕು ಊಟದ ತಟ್ಟೆಗಿಂತ ದೊಡ್ಡದಿರಲಿಲ್ಲ.

“ತುಂಬಿಸಬಹುದು,” ಎಂದಳು ಡಾಕ್ಟರು, ತನ್ನ ದೋಣಿಯ ಮೈ ಸವರುತ್ತ.

“ಉಳಿದದ್ದೆಲ್ಲ ತಟ್ಟದೆ ನಾನು ಹೂಂ ಅನ್ನಲ್ಲ,” ಎಂದರು ಕಿವಿರಾಯರು. ದನಿಯಲ್ಲಿ ಹಳೆಯ ಯಾರ್ಡಿನ ಬಿಗಿ ಬಂದಿತ್ತು.

ಇನ್ನೂ ಒಂದೂಮುಕ್ಕಾಲು ಒಡಲು ಬಾಕಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಆಕೆಯ ತೋಳು ಬಿದ್ದುಹೋಗುವ ಹಾಗಾಯಿತು. ಡಾಕ್ಟರು ನಿಂಬೆ ಶರಬತ್ತು ತಂದುಕೊಟ್ಟು, ಬಿಸಿಲು ಬೀಳದಂತೆ ಆಕೆಯ ತಲೆಗೆ ತನ್ನ ಟೋಪಿ ಇಟ್ಟಳು. ಬಲಗಡೆಯ ಒಡಲಿನ ತುದಿ ಮುಟ್ಟುವಾಗ ಸಂಜೆ ನಾಲ್ಕು.

“ಇದೇ ಕೊನೇದು,” ಎಂದು ಆಕೆ ತಟ್ಟಿದಳು. “ಏನಂತೆ?”

ಕಿವಿರಾಯರು ಕಣ್ಣು ಮುಚ್ಚಿ, ಅಂಗೈ ತೆಗೆಯದೆ ನಿಂತಿದ್ದರು.

“ಮನೆ ಗಟ್ಟಿ ಇದೆ ಕಣೇ,” ಎಂದರು. “ತಗೊಳ್ಳೋಣ.”