ವಕೀಲರ ಕುರ್ಚಿಯಲ್ಲಿ ಸೊಸೆ

ನಾನು ಒಂದು ಬೆತ್ತದ ಆರಾಮಕುರ್ಚಿ. ಸಾಗುವಾನಿ ಕಾಲು, ಉದ್ದನೆಯ ಕೈ, ಒರಗಿದರೆ ಎಂಥವರಿಗೂ ಕಣ್ಣೆಳೆಯುವ ಬೆನ್ನು. ಜಂಬ ಎನ್ನಿ ಬೇಕಾದರೆ, ಧಾರವಾಡದಲ್ಲಿ ನನ್ನಂಥ ಕುರ್ಚಿ ಮತ್ತೊಂದಿಲ್ಲ. ನನ್ನನ್ನು ಮಾಡಿದ ಬಡಿಗ ಮೊದಲು ತಾನೇ ಕೂತು ನೋಡಿ ತಲೆದೂಗಿದ್ದ.

ಕೊಂಡವರು ವಕೀಲ ಚನ್ನವೀರಪ್ಪನವರು. ಅವರು ಕೂತರೆ ಮನೆಮಂದಿಯೆಲ್ಲ ನಿಂತಿರುತ್ತಿದ್ದರು. ಅವರು ತೀರಿಕೊಂಡ ಮೇಲೆ ಹೆಂಡತಿ ಬಸವಣ್ಣೆವ್ವ ಅವರ ಫೋಟೊವನ್ನೇ ನನ್ನ ಮೇಲಿಟ್ಟು ಹಾರ ಹಾಕಿದರು. ಬೇರೆ ಯಾರೂ ಕೂಡುವಂತಿರಲಿಲ್ಲ. ನನಗೋ ಬೇಜಾರೋ ಬೇಜಾರು.

ಸೊಸೆ ಸುವರ್ಣಾ ಸಂಜೆ ಹೊತ್ತು ಮನೆಯಲ್ಲೇ ಹುಡುಗಿಯರಿಗೆ ಕಸೂತಿ ಕಲಿಸುತ್ತಿದ್ದಳು. ಅವಳಿಗೆ ಲೂಪಸ್ ಬಂತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ಕಾಯಿಲೆಯಂತೆ. ಗುಳಿಗೆಯಿಂದ ಮುಖದ ಕೆಂಪು ಇಳಿಯಿತು, ದಣಿವು ಇಳಿಯಲಿಲ್ಲ. ಮಧ್ಯಾಹ್ನ ನೆಲದ ಮೇಲೆ ಕೂತು ಜೋಳ ಹಸನು ಮಾಡುತ್ತ, ನನ್ನ ಕಾಲಿಗೆ ತಲೆ ಆನಿಸಿ ತೂಕಡಿಸುತ್ತಿದ್ದಳು. ಮೇಲೆ ನೋಡಿದರೆ ಫೋಟೊ. ನನಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ಮೊರ ಜಾರಿ ಜೋಳ ಚೆಲ್ಲಿತು.

"ರಾತ್ರಿ ಎಲ್ಲಾರಕಿಂತ ಮೊದಲ ಮಲಗ್ತಿ. ಮತ್ತ ಹಗಲೂ ನಿದ್ದಿ ಏನವಾ?" ಎಂದರು ಬಸವಣ್ಣೆವ್ವ.

"ಮಲಗಿರ್ತೀನ್ರಿ ಅತ್ತಿ, ನಿದ್ದಿ ಹತ್ತಂಗಿಲ್ಲ. ಕೀಲೆಲ್ಲಾ ನೋಯ್ತಾವ. ಹೊರಳಾಡಿದ್ರ ಇವ್ರಿಗೆ ಎಚ್ಚರಾಗ್ತದಂತ ಸುಮ್ನ ಬಿದ್ದಿರ್ತೀನಿ." ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸೂಜಿ ಹಿಡದ್ರ ಕಣ್ಣು ಮುಚ್ಚಿ ಬರ್ತಾವ. ಕಸೂತಿ ಕ್ಲಾಸ್ ಬಂದ್ ಮಾಡ್ತೀನ್ರಿ."

ಬಸವಣ್ಣೆವ್ವ ಜೋಳ ಬಳಿದು ಮೊರಕ್ಕೆ ತುಂಬಿದರು. ಆಮೇಲೆ ಎದ್ದು ಹಾರ ತೆಗೆದರು. ಮಗನನ್ನು ಕರೆದು ಫೋಟೊವನ್ನು ಗೋಡೆಗೆ ಹಾಕಿಸಿದರು.

"ಇಲ್ಲೆ ಮಲಕ್ಕೊ. ಕ್ಲಾಸ್ ಬಂದ್ ಮಾಡೂದು ಬ್ಯಾಡ," ಎಂದರು.

ಕಾಯಿಲೆ ಹೋಗಿಲ್ಲ. ಅದನ್ನು ಓಡಿಸಲು ನಾನೇನು ಡಾಕ್ಟರೇ? ಆದರೆ ಮಧ್ಯಾಹ್ನ ಒಂದಿಷ್ಟು ವಿಶ್ರಾಂತಿ ಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ತೀರಾ ಸುಸ್ತಾದ ದಿನ ಬಿಟ್ಟರೆ ಕ್ಲಾಸು ನಡೆಯುತ್ತದೆ. ನನಗೂ ಮುಪ್ಪು ಬಂದಿದೆ. ಬೆತ್ತ ಜೋತಿದೆ, ಒಂದು ಕಾಲು ಅಲ್ಲಾಡುತ್ತದೆ.

ಮೊನ್ನೆ ವಕೀಲರ ತಮ್ಮ ಬಂದರು. ಬಾಗಿಲಲ್ಲೇ ನಿಂತು ಅಣ್ಣನ ಕುರ್ಚಿಯಲ್ಲಿ ಮಲಗಿದ್ದ ಸೊಸೆಯನ್ನು ನೋಡಿದರು. ಸುವರ್ಣಾ ಗಡಬಡಿಸಿ ಏಳಹೋದಳು. ಬಸವಣ್ಣೆವ್ವ ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

"ಆಕಿ ಏಳಂಗಿಲ್ಲ. ನೀವು ಚಾಪಿ ಮ್ಯಾಲ ಕೂಡ್ರಿ."

ಅವರು ಚಪ್ಪಲಿ ಬಿಟ್ಟು ಬಂದು ಚಾಪೆಯ ಮೇಲೆ ಕೂತರು. ವಕೀಲರ ಕಾಲದಲ್ಲೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.